ಬಾಕಿ ಉಳಿದ ಅರೆಕಾಲು ಸುತ್ತು

ವೆಲ್ಡಿಂಗ್ ಮಾಡಿದವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಹೇಳಿದ ಕೆಲಸ ಮುಗಿಸಿ ಹೋದ. ಮಾಡಿಸಿದವರ ಮೇಲೆ ಇದೆ, ಇವತ್ತಿಗೂ ಇದೆ. ಹೊರಮಾವಿನ ಬೋರ್ಡು ಹಾಕಿಕೊಂಡ ಬಸ್ಸು ಕಂಡರೂ ಮೈ ಉರಿಯುತ್ತದೆ.

ಅವರದು ಅಲ್ಲೊಂದು ಮದುವೆ ಛತ್ರ. ಛತ್ರ ನಿಂತಿರುವ ಜಾಗದಲ್ಲಿ ಅವರ ತಾತ ರಾಗಿ ಬೆಳೆಯುತ್ತಿದ್ದರಂತೆ. ತಾತನ ಟ್ರ್ಯಾಕ್ಟರು ಹಿತ್ತಲಲ್ಲಿ ಕೋಳಿಗೂಡಾಗಿ ಬಿದ್ದಿತ್ತು. ಅದನ್ನು ಛತ್ರದ ಮುಂದೆ ನಿಲ್ಲಿಸಬೇಕು, ಆಯುಧಪೂಜೆಯ ದಿನ ಎಲ್ಲರೆದುರು ಸ್ಟಾರ್ಟ್ ಮಾಡಬೇಕು ಎಂದು ಯಜಮಾನರ ಆಸೆ. ಕೆ.ಆರ್. ಪುರ ಸ್ಟೇಷನ್ನಿನ ಹಿಂದಿರುವ ನನ್ನ ಶೆಡ್ಡಿಗೆ ಲಾರಿಯಲ್ಲಿ ತಂದಿಳಿಸಿದರು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಸ್ಪ್ಯಾನರ್ ಹಿಡಿದವನು ನಾನು. ಇಂಥ ಇಂಜಿನ್ ಬಿಚ್ಚುವ ಯೋಗ ಎಲ್ಲರಿಗೂ ಬರುವುದಿಲ್ಲ ಎಂದು ಒಪ್ಪಿಕೊಂಡೆ.

ಮೊದಲ ದಿನವೇ ತಕರಾರು ಶುರು.

“ಗುರು, ಈ ತುಕ್ಕು ಬೋಲ್ಟೆಲ್ಲಾ ಬಿಸಾಕು. ಹೊಸದು ಹಾಕು, ಫಳಫಳ ಅನ್ಬೇಕು.”

“ಸಾರ್, ಇದು ಇಂಚಿನ ಕಾಲದ ಗಾಡಿ. ಅಂಗಡೀಲಿ ಸಿಗೋದೆಲ್ಲಾ ಎಂಎಂ. ಮರೆ ಕೂರಲ್ಲ, ಥ್ರೆಡ್ಡೇ ಬೇರೆ.”

“ಒತ್ತಿ ತಿರುಗಿಸಿದ್ರೆ ಕೂರುತ್ತೆ ಬಿಡು.”

ಕೂರುತ್ತದೆ, ಯಾಕೆ ಕೂರುವುದಿಲ್ಲ? ಇಂಜಿನ್ನಿನ ಮೈಯೊಳಗಿನ ಮರೆಯನ್ನು ಕೆರೆದು ಹಾಕಿ ಕೂರುತ್ತದೆ.

ಹಳೆಯದನ್ನೇ ಹಾಕುತ್ತೇನೆ ಎಂದರೆ ಕಣ್ಣು ಮುಚ್ಚಿ ಹಾಕುತ್ತೇನೆ ಎಂದಲ್ಲ. ಸೀರೆ ಪೆಟ್ಟಿಗೆಯ ರಟ್ಟಿನ ಮೇಲೆ ಇಂಜಿನ್ನಿನ ಹೆಡ್ಡಿನ, ಅಂದರೆ ಮೇಲ್ಮುಚ್ಚಳದ, ಚಿತ್ರ ಬರೆದು, ತೂತು ಕೊರೆದು, ಬಿಚ್ಚಿದ ಬೋಲ್ಟುಗಳನ್ನು ಅವುಗಳ ಜಾಗದಲ್ಲೇ ಸಿಕ್ಕಿಸಿದೆ. ಡೀಸೆಲ್ಲಿನಲ್ಲಿ ನೆನೆಸಿ ತಂತಿ ಬ್ರಷ್ಷಿನಿಂದ ಉಜ್ಜಿದೆ. ಎರಡು ಬೋಲ್ಟುಗಳನ್ನು ಮರೆಗೆ ಮರೆ ಕೂರುವಂತೆ ಜೋಡಿಸಿ ಬೆಳಕಿಗೆ ಹಿಡಿದರೆ ನಡುವೆ ಬೆಳಕು ನುಸುಳಬಾರದು. ನುಸುಳಿತೋ, ಒಂದು ಜಗ್ಗಿ ಉದ್ದವಾಗಿದೆ ಎಂದರ್ಥ. ಅಂಥದ್ದನ್ನು ದಯೆಯಿಲ್ಲದೆ ಎಸೆದೆ. ಪಿಸ್ಟನ್ನಿನ ಕೆಳಗಿನ ಕನೆಕ್ಟಿಂಗ್ ರಾಡಿನ ಬೋಲ್ಟುಗಳು ನೋಡಲು ಚೆನ್ನಾಗಿದ್ದರೂ ಮತ್ತೆ ಹಾಕಲಿಲ್ಲ. ಅವು ತುಂಡಾದರೆ ಇಂಜಿನ್ನಿನ ಹೊಟ್ಟೆಯೇ ಒಡೆಯುತ್ತದೆ. ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿ ಅಲೆದು, ಪೊಟ್ಟಣವನ್ನೇ ಬಿಚ್ಚದ ಒಂದು ಸೆಟ್ ಹುಡುಕಿ ತಂದೆ.

ಹಲಸೂರಿನಲ್ಲಿ ಲೇತ್ ಇಟ್ಟಿರುವ ನನ್ನ ಹಳೆಯ ಗೆಳೆಯ ಆ ರಟ್ಟು ನೋಡಿ ನಕ್ಕಿದ್ದ. “ಕ್ಯಾ ಉಸ್ತಾದ್, ಒಂದೊಂದಕ್ಕೂ ಜಾತಕ ಬರೆಸ್ತೀಯಾ? ಛೋಡ್ ನಾ, ಎಲ್ಲಾ ಹೊಸದು ಕಟ್ ಮಾಡ್ಕೊಡ್ತೀನಿ.”

“ನಿನ್ನ ಕಬ್ಬಿಣಕ್ಕಿಂತ ಇದು ಗಟ್ಟಿ. ಬಾಯ್ಮುಚ್ಕೊಂಡು ವಾಷರ್ ಮಾಡ್ಕೊಡು.”

ಇಂಜಿನ್ ಕೂಡಿಸಿದೆ. ಮೊದಲ ಸಲ ಹೊಗೆ ಉಗುಳಿ, ಕೆಮ್ಮಿ, ಆಮೇಲೆ ಗುಡುಗುಡು ಎಂದು ನಿಂತಲ್ಲೇ ಓಡಿತು. ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ನೀರು ಸೋರದಂತೆ ಹೆಡ್ಡಿನ ಕೆಳಗೆ ಹಾಕಿದ ಹೊಸ ಪ್ಯಾಕಿಂಗ್ ಬಿಸಿಯಾದಾಗ ಅದುಮಿಕೊಂಡು ಕೂರುತ್ತದೆ. ಮೇಲಿನ ನಟ್ಟು ಒಂದು ಕೂದಲೆಳೆಯಷ್ಟು ಸಡಿಲವಾಗುತ್ತದೆ. ಆಮೇಲೆ ಇನ್ನೊಮ್ಮೆ ಬಿಗಿಯಬೇಕು. ಬೋಲ್ಟು ಹಳೆಯದಿರಲಿ, ಹೊಸದಿರಲಿ, ಬಿಗಿಯಲೇಬೇಕು. ಯಜಮಾನರಿಗೆ ಬಿಡಿಸಿ ಹೇಳಿದೆ. ಅಷ್ಟರಲ್ಲಿ ಛತ್ರದಲ್ಲಿ ಯಾವುದೋ ದೊಡ್ಡ ಮದುವೆಯಂತೆ, ಗಂಡು ಹೆಣ್ಣು ಟ್ರ್ಯಾಕ್ಟರ್ ಮೇಲೆ ಕೂತು ಫೋಟೋ ತೆಗೆಸಿಕೊಳ್ಳಬೇಕಂತೆ. ಬಿಗಿಯುವ ಮೊದಲೇ ಒಯ್ದುಬಿಟ್ಟರು.

“ಪೂಜೆ ಹೊತ್ತಿಗೆ ಬಂದು ಬಿಗಿ ಮಾಡ್ಕೊ. ಎಲ್ಲಿಗೆ ಓಡಿಹೋಗುತ್ತೆ ಅದು?”

ಆಯುಧಪೂಜೆಗೆ ಬಿಳಿ ಶರ್ಟು ಹಾಕಿಕೊಂಡು, ಸ್ಪ್ಯಾನರ್ ಚೀಲ ಹಿಡಿದು ಬೇಗನೇ ಹೋದೆ. ಆಗಲೇ ಕುಂಬಳಕಾಯಿ ಒಡೆದಾಗಿತ್ತು. ನೆಂಟರಿಷ್ಟರೆಲ್ಲ ಸುತ್ತ ನಿಂತಿದ್ದರು. ನನಗಾಗಿ ಕಾಯದೆ ಸ್ಟಾರ್ಟ್ ಮಾಡಿದ್ದರು. ಹೆಡ್ಡಿನ ಪಕ್ಕದಿಂದ ನೀರು ಸೋರಿ ಚೆಂಡುಹೂವಿನ ಹಾರದ ಮೇಲೆ ಆವಿ ಏಳುತ್ತಿತ್ತು.

ನನ್ನನ್ನು ಕಂಡವರೇ ಯಜಮಾನರು ಎಲ್ಲರಿಗೂ ಕೇಳುವಂತೆ ಹೇಳಿದರು: “ನೋಡಿ, ಬಂದ್ರು ಮೆಕ್ಯಾನಿಕ್ಕು. ಗುಜರಿ ಬೋಲ್ಟ್ ಹಾಕ್ಬೇಡ ಅಂತ ಬಡ್ಕೊಂಡೆ. ಕೇಳಿದ್ನಾ?”

ಯಾರೋ ನಕ್ಕರು. ನಾನು ಇಂಜಿನ್ ಆರಿಸಿ, ಬಾನೆಟ್ ಎತ್ತಿದೆ. ಹೆಡ್ಡಿನ ಮೇಲಿದ್ದ ಒಂದೊಂದು ನಟ್ಟನ್ನೂ ಬೋಲ್ಟಿನ ತುದಿಗೆ ಸೇರಿಸಿ ವೆಲ್ಡ್ ಹೊಡೆಸಿದ್ದರು. ನಾನು ಉಗುರಿನಿಂದ ತಡವಿ ನೋಡಿ ಆರಿಸಿದ ಮರೆಗಳ ಮೇಲೆ ಪಾರಿವಾಳದ ಹಿಕ್ಕೆಯಂತೆ ಕಬ್ಬಿಣ ಕರಗಿ ಕೂತಿತ್ತು.

“ಇದೇನ್ ಸಾರ್ ಇದು?”

“ರೋಡ್ ಪಕ್ಕ ನಿಂತಿರುತ್ತೆ. ಯಾರಾದ್ರೂ ಬಿಚ್ಕೊಂಡ್ ಹೋದ್ರೆ?”

“ಬಿಗಿ ಮಾಡೋಕೆ ಬರ್ತೀನಿ ಅಂದಿದ್ನಲ್ಲ. ಈಗ ಯಾವುದನ್ನ ತಿರುಗಿಸ್ಲಿ?”

“ವೆಲ್ಡ್ ಮಾಡಿದ್ಮೇಲೆ ಇನ್ನೇನ್ ಬಿಗಿ? ಅದಕ್ಕಿಂತ ಗಟ್ಟಿ ಉಂಟಾ?”

ಬಿಚ್ಚಲು ಬರಬೇಕೆಂದೇ ಬೋಲ್ಟು ಎಂಬ ವಸ್ತುವನ್ನು ಮನುಷ್ಯ ಮಾಡಿದ್ದು. ಇದನ್ನು ಆ ಹೊತ್ತಿನಲ್ಲಿ ಯಾರಿಗೆ ಹೇಳುವುದು? ಜನ ಪುಳಿಯೋಗರೆಯ ಕಡೆ ಹೊರಟಿದ್ದರು. ನಾನು ಏನೇನೋ ಕೂಗಾಡಿದೆ. ಪ್ರಸಾದವನ್ನೂ ಮುಟ್ಟದೆ ಬಂದೆ.

ಅದನ್ನು ಹಾಗೇ ಬಿಟ್ಟುಬಿಡಬಹುದಿತ್ತು. ಬಿಟ್ಟಿದ್ದರೆ, ಹಳೇ ಬೋಲ್ಟು ಹಾಕಿ ಇಂಜಿನ್ ಕೆಡಿಸಿದವನು ಎಂಬ ಮಾತು ಹೊರಮಾವಿನಿಂದ ಕಲ್ಯಾಣ ನಗರದವರೆಗೆ ನನ್ನ ಹೆಸರಿಗೆ ಅಂಟಿಕೊಳ್ಳುತ್ತಿತ್ತು. ಹಬ್ಬ ಕಳೆದ ಮೇಲೆ ಗ್ರೈಂಡರ್ ಹೊತ್ತು ಹೋದೆ. ಜೋಪಾನ ಮಾಡಿದ್ದ ನಟ್ಟುಗಳನ್ನು ನನ್ನ ಕೈಯಾರೆ ಕೊಯ್ದೆ. ಕಿಡಿ ಹಾರುವಾಗ ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಆ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಿಕ್ಕಿಲ್ಲ. ತುದಿ ಸುಟ್ಟ ಎರಡು ಬೋಲ್ಟು ಹೋದವು, ಅವಕ್ಕೆ ಗುಜರಿಯಲ್ಲಿ ಬದಲಿ ಹುಡುಕಿದೆ. ಉಳಿದವು ಹಾಗೇ ಗಟ್ಟಿಯಾಗಿದ್ದವು.

ಹೊಸ ನಟ್ಟಿಗಾಗಿ ಹಲಸೂರಿಗೆ ಹೋದಾಗ, ಎಲ್ಲ ಬಿಸಾಕು ಎಂದಿದ್ದ ಗೆಳೆಯನೇ ಕೊಯ್ದ ನಟ್ಟು ನೋಡಿ ಕೆಂಡವಾದ. “ಕೌನ್ ಗಧಾ ಕಿಯಾ ಇದನ್ನ?” ಎಂದವನು ಬೇರೆಲ್ಲ ಕೆಲಸ ನಿಲ್ಲಿಸಿ ನನಗೆ ಮಾಡಿಕೊಟ್ಟ.

ಹೊಸ ಪ್ಯಾಕಿಂಗ್ ಹಾಕಿ, ಇಂಜಿನ್ ಓಡಿಸಿ, ಅದು ತಣ್ಣಗಾಗುವವರೆಗೆ ಛತ್ರದ ಮೆಟ್ಟಿಲ ಮೇಲೆ ಕಾವಲು ಕೂತೆ. ಯಾರನ್ನೂ ಹತ್ತಿರ ಬಿಡಲಿಲ್ಲ. ಆಮೇಲೆ ನಡುವಿನಿಂದ ಶುರುಮಾಡಿ ಒಂದೊಂದಾಗಿ ಬಿಗಿದೆ. ಒಂದೊಂದೂ ಅರೆಕಾಲು ಸುತ್ತು ತಿರುಗಿ ನಿಂತಿತು. ಮತ್ತೆ ಓಡಿಸಿದರೆ ಒಂದು ಹನಿ ಸೋರಲಿಲ್ಲ.

ಯಜಮಾನರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. “ಇಷ್ಟಕ್ಕೇನಾ ಅವತ್ತು ಅಷ್ಟೊಂದು ಕೂಗಾಡಿದ್ದು?”

“ಹೌದು ಸಾರ್, ಇಷ್ಟಕ್ಕೇ. ಅವತ್ತು ಅಷ್ಟು ಜನರ ಮುಂದೆ ಅಂದ್ರಲ್ಲ, ಈಗ ಅವರಿಗೆ ಹೇಳ್ತೀರಾ, ಸೋರಿದ್ದು ಹಳೇ ಬೋಲ್ಟಿಂದಲ್ಲ ಅಂತ?”

ಅವರು ಬಾನೆಟ್ಟಿನ ಮೇಲಿದ್ದ ಒಣ ಹೂವನ್ನು ಕೊಡವಿದರು. “ಯಾರ್ಯಾರಿಗೆ ಅಂತ ಹೇಳ್ಕೊಂಡ್ ತಿರುಗ್ಲಿ ಗುರು? ಬಂದಿದ್ರು, ಊಟ ಮಾಡಿದ್ರು, ಹೋದ್ರು.”