ನುಣುಪು ಮೇಸ್ತ್ರಿಯೂ ಸೊಟ್ಟ ಕೊಂಬೆಯೂ

ಬೀದಿಯವರು ಅವರನ್ನು ನುಣುಪು ಮೇಸ್ತ್ರಿ ಎಂದೇ ಕರೆಯುವುದು. ಮನೆಯ ಮುಂಭಾಗದ ಕೋಣೆಯಲ್ಲಿ ಲೇತ್ ಇಟ್ಟುಕೊಂಡು ಮಂಚದ ಕಾಲು, ಕುರ್ಚಿ ಕಾಲು, ಲಟ್ಟಣಿಗೆ ಕಡೆಯುವುದು ಅವರ ಕಸುಬು. ಅವರು ಕಡೆದ ಲಟ್ಟಣಿಗೆ ಹತ್ತಿದರೆ ಇರುವೆಯೂ ಜಾರಿ ಬೀಳಬೇಕು, ಅಂಥ ನುಣುಪು. ಗಂಟಿರುವ ಮರ ಕಂಡರೆ ಮಾತ್ರ ಹೇಳದೆ ಕೇಳದೆ ಬಂದ ನೆಂಟನನ್ನು ಕಂಡವರ ಹಾಗೆ ಮುಖ ಸಿಂಡರಿಸುತ್ತಾರೆ.

ಹೆಂಡತಿಯ ಆಸೆಗೆ ಮನೆಗೊಂದು ಗಿಣಿ ಬಂತು. ಪಂಜರದಲ್ಲಿ ಕೂರಲು ಕೋಲು ಬೇಕೆಂದಾಗ ಮೇಸ್ತ್ರಿ ಉಬ್ಬಿಹೋದರು. ಮೂರು ಕೋಲು ಕಡೆದರು. ಮೂರೂ ಒಂದೇ ದಪ್ಪ, ಮೂರಕ್ಕೂ ಎರಡೆರಡು ಸಲ ಪಾಲಿಶ್ ಪೇಪರ್ ಉಜ್ಜಿದ್ದೇ ಉಜ್ಜಿದ್ದು! ಗಿಣಿಗೆ ಆ ಉಪಕಾರದ ನೆನಪೇ ಇಲ್ಲ. ಹೆಂಡತಿಯ ಹೆಗಲೇರಿ ಕಿವಿಯೋಲೆ ಎಳೆಯುತ್ತಿದ್ದ ಅದು, ಮೇಸ್ತ್ರಿ ಬೆರಳು ಚಾಚಿದರೆ ಕಚ್ಚುತ್ತಿತ್ತು. ಈ ಹೆಣ್ಣುಗಿಣಿಯ ಸಹವಾಸವೇ ಬೇಡ ಎಂದು ಇವರೂ ಬಿಗುಮಾನದಲ್ಲೇ ಇದ್ದರು.

ಕೆಲವು ತಿಂಗಳಲ್ಲಿ ಗಿಣಿ ಎಡಗಾಲು ಎತ್ತಿಕೊಂಡೇ ಕೂರತೊಡಗಿತು. ಮಾತೂ ನಿಂತಿತು. ಪಕ್ಷಿ ಡಾಕ್ಟರು ಪಾದ ನೋಡಿ ಮುಲಾಮು ಕೊಟ್ಟರು.

"ಕೋಲೆಲ್ಲ ಒಂದೇ ದಪ್ಪ, ಒಂದೇ ನುಣುಪು. ಪಾದದ ಒಂದೇ ಜಾಗಕ್ಕೆ ಒತ್ತಿ ಒತ್ತಿ ಹುಣ್ಣಾಗಿದೆ. ತೊಗಟೆ ಇರೋ ಸೊಟ್ಟಪಟ್ಟ ಕೊಂಬೆ ಹಾಕಿ."

ಮನೆಗೆ ಬಂದದ್ದೇ ಮೇಸ್ತ್ರಿ ಸಿಡಿದರು. "ನನ್ನ ಕೋಲಲ್ಲಿ ತಪ್ಪಾ? ಅವಳ ಕಾಲೇ ಸರಿ ಇಲ್ಲ!"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರ ಜೊತೆ ಹೆಂಡತಿ ವಾದಕ್ಕಿಳಿಯಲಿಲ್ಲ. "ಈ ತಿಂಗಳೊಳಗೆ ಅವಳು ಎಡಗಾಲು ಊರದಿದ್ರೆ ತಂಗಿ ಮನೆಗೆ ಕಳಿಸಿಬಿಡ್ತೀನಿ ರೀ. ಅಲ್ಲಿ ಮರ ಆದ್ರೂ ಇದೆ" ಎಂದು ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ಆ ಕಣ್ಣೀರಿಗೆ ತಮ್ಮ ಕೋಲೇ ಕಾರಣ ಎಂದು ಮೇಸ್ತ್ರಿಗೆ ಒಳಗೊಳಗೇ ಗೊತ್ತಿತ್ತು.

ಮರುದಿನ ಸೀಬೆ ಕೊಂಬೆ ತಂದರು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ! ಒಂದು ಗಂಟು ಕೈಗೆ ತಾಗಿತು, ಚೂರು ಕೆತ್ತಿದರು. ಪಕ್ಕದ್ದು ಎದ್ದು ಕಂಡಿತು, ಅದನ್ನೂ ಕೆತ್ತಿದರು. ಸಂಜೆ ಹೆಂಡತಿ ಬಂದು ನೋಡಿದರೆ ಕೊಂಬೆ ಹೋಗಿ ಲಟ್ಟಣಿಗೆಯಾಗಿತ್ತು.

"ಇದರಲ್ಲಿ ನಾನು ಹಿಟ್ಟು ಲಟ್ಟಿಸ್ಲಾ?" ಎಂದಳು. ಸಿಟ್ಟಿನಲ್ಲೂ ಅವಳಿಗೆ ನಗು ತಡೆಯಲಾಗಲಿಲ್ಲ.

ಎರಡನೆಯ ಕೊಂಬೆ ಲೇತ್ ಕೋಣೆಯ ಹೊಸ್ತಿಲು ದಾಟಲಿಲ್ಲ. ಅವಳೇ ತೊಳೆದು ಒಣಗಿಸಿ, ಕಾವಲು ಕಾದು, ತಿಂಗಳ ಕೊನೆಯ ದಿನ ಮೇಸ್ತ್ರಿಯ ಕೈಗೆ ಕೊಟ್ಟಳು. ಅಷ್ಟರಲ್ಲಿ ಹುಣ್ಣು ಒಣಗಿತ್ತು. ಆದರೂ ಗಿಣಿಗೆ ಕಾಲೂರಲು ಭಯ.

ಮೇಸ್ತ್ರಿ ಪಂಜರದೊಳಗೆ ಕೈ ತೂರಿಸಿ ಕೊಂಬೆಯ ದಪ್ಪ ತುದಿಯನ್ನು ಸರಳಿಗೆ ಒತ್ತಿ ಹಿಡಿದಿದ್ದರು. ಗಿಣಿ ಮೆಲ್ಲಗೆ ಇಳಿದು ಬಂತು. ಇನ್ನು ಕಚ್ಚುತ್ತಾಳೆ ಎಂದು ಅವರು ಕಣ್ಣು ಮುಚ್ಚಿದರು. ಅದು ಹೊಸ ಕೊಂಬೆಯನ್ನು ಮೂಸಿಯೂ ನೋಡದೆ, ಜೀವಮಾನವಿಡೀ ಉಳಿ ಹಿಡಿದು ಗಂಟುಗಟ್ಟಿದ್ದ ಅವರ ಬೆರಳುಗಳನ್ನೇ ಹತ್ತಿತು. ಮೊದಲು ಬಲಗಾಲು. ತುಸು ಯೋಚಿಸಿ, ಎಡಗಾಲು.

"ಅಲುಗಾಡಬೇಡ್ರೀ!"

"ಅಲುಗಾಡೋದೆಲ್ಲಿ ಬಂತು, ಉಸಿರೇ ಬಿಡ್ತಿಲ್ಲ."

ಬೀದಿಯಿಂದ ಗಿರಾಕಿಯೊಬ್ಬ ಕೂಗಿದ. "ಮೇಸ್ತ್ರಿ, ನನ್ನ ಮಂಚದ ಕಾಲು ಆಯ್ತಾ?"

"ನಾಳೆ ಬನ್ನಿ," ಹೆಂಡತಿ ಒಳಗಿನಿಂದಲೇ ಹೇಳಿದಳು, "ಇವತ್ತು ಅವರು ಗಿಣಿಗೆ ಕೊಂಬೆ ಆಗಿದ್ದಾರೆ."

ಮೇಸ್ತ್ರಿಗೆ ಸಿಟ್ಟು ಬರಲಿಲ್ಲ. ಕಣ್ಣು ತುಂಬಿ ಬಂದಿತ್ತು.

"ಎರಡೂ ಕಾಲು ಬೆಚ್ಚಗಿವೆ ಕಣೇ" ಎಂದರು.