ಮಬ್ರೂಕಾ ಅಳಿಸಿದ ಬಿಳಿ ಚುಕ್ಕೆ

ಬೆಳಗ್ಗೆ ಆರು ಗಂಟೆ. ಬೀರ್ ಝಿತೂನ್ ಊರಿನ ಭೂಮಾಪನ ಕಚೇರಿಯ ಹಿಂದಿನ ಕೋಣೆಯಲ್ಲಿ ಬಿಸಿಲು ನಿಲ್ಲುವುದು ಎಂಟರವರೆಗೆ ಮಾತ್ರ. ಅಷ್ಟರೊಳಗೆ ಮಬ್ರೂಕಾ ಅಯಾರಿ ವಿಮಾನದಿಂದ ತೆಗೆದ ಹಳೆಯ ಚಿತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು, ಭೂತಗನ್ನಡಿ ಹಿಡಿದು ಕೂತಿರುತ್ತಾರೆ. ನಿವೃತ್ತರಾಗಿ ಮೂರು ವರ್ಷವಾದರೂ ಕೋಣೆಯ ಕೀಲಿ ಅವರ ಹತ್ತಿರವೇ ಇದೆ. ಹನ್ನೊಂದು ಸಾವಿರ ಚಿತ್ರಗಳಲ್ಲಿ ಯಾವುದು ಯಾವ ಪೆಟ್ಟಿಗೆಯಲ್ಲಿದೆ ಎಂಬುದು ಬೇರೆ ಯಾರಿಗೂ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇದ್ದಂತಿಲ್ಲ.

ದಿನಕ್ಕೆ ನಾಲ್ಕೈದು ಜನ ಬರುತ್ತಾರೆ. ಅಜ್ಜನ ಬಾವಿ ಎಲ್ಲಿತ್ತು, ಕಳ್ಳಿಬೇಲಿ ಎಲ್ಲಿಗೆ ಮುಗಿಯುತ್ತಿತ್ತು ಎಂದು ಕೇಳುತ್ತಾರೆ. ಪತ್ರಿಕೆಗೆ ಅವರ ಬಗ್ಗೆ ಬರೆಯಲು ನಾನು ಹೋದ ದಿನ ಟೈರ್ ಅಂಗಡಿಯ ಶಾದ್ಲಿ ಬಂದಿದ್ದ. ಊರಿನ ಹುಡುಗರಿಗೆಲ್ಲ ಮಬ್ರೂಕಾ ಖಾಲ್ತಿ, ಅಂದರೆ ಚಿಕ್ಕಮ್ಮ.

"ಖಾಲ್ತಿ, ನಮ್ಮನೆ ಸರಿಯಾಗಿ ಹುಡುಕು. ನಿನ್ನ ಕನ್ನಡಕಕ್ಕೆ ನನಗಿಂತ ವಯಸ್ಸಾಗಿದೆ" ಎಂದು ಕಿಚಾಯಿಸಿದ.

"ನಿಮಗೆಲ್ಲಿತ್ತೋ ಮನೆ? ನಿಮ್ಮಪ್ಪ ಕತ್ತೆ ಕಟ್ತಿದ್ದ ಮರ ಇದು, ನೋಡ್ಕೋ."

1978ರ ಆ ಚಿತ್ರದಲ್ಲಿ ಊರಿನ ಸುತ್ತ ಆಲಿವ್ ಮರಗಳು, ತಟ್ಟೆಯಲ್ಲಿ ಎಳ್ಳು ಸಾಲಾಗಿ ಜೋಡಿಸಿದ ಹಾಗೆ. ಈಗಿನದರಲ್ಲಿ ಬರೀ ತಾರಸಿ, ಡಿಶ್ ಆಂಟೆನಾ.

ಹಳೆಯ ಚಿತ್ರದ ಒಂದು ಮೂಲೆಯನ್ನು ಮಬ್ರೂಕಾ ಅಷ್ಟು ಹೊತ್ತೂ ಬೆರಳಿನಿಂದ ಮುಚ್ಚಿಕೊಂಡಿದ್ದರು. ಶಾದ್ಲಿ ಹೋದ ಮೇಲೆ ಬೆರಳು ತೆಗೆದರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಸೇರಿದಾಗ ಅವರಿಗಿದ್ದ ಕೆಲಸ ಒಂದೇ: ಚಿತ್ರಗಳು ನಕ್ಷೆ ಬರೆಯುವವರ ಕೈಸೇರುವ ಮೊದಲು ಅವುಗಳ ಮೇಲಿನ ಧೂಳಿನ ಚುಕ್ಕೆಗಳನ್ನು ಬೂದು ಬಣ್ಣದಿಂದ ಮುಚ್ಚುವುದು. ದಿನಕ್ಕೆ ನಲವತ್ತು ಚಿತ್ರ.

"ಇಲ್ಲೊಂದು ಬಿಳಿ ಚುಕ್ಕೆ ಇತ್ತು. ಧೂಳು ಅಂದ್ಕೊಂಡು ಮುಚ್ಚಿಬಿಟ್ಟೆ. ಅದು ಊರೆಲ್ಲ ಹರಕೆ ಹೊರ್ತಿದ್ದ ತಾಯಿ ಲಲ್ಲಾ ಮಸ್ಊದಾ ಗೋರಿಯ ಗುಮ್ಮಟ. ಮೌಲಿದ್ ಹಬ್ಬಕ್ಕೆ ಅಂತ ನಮ್ಮಮ್ಮನೇ ಸುಣ್ಣ ಬಳಿದಿದ್ಳು. ಅಷ್ಟು ಬೆಳ್ಳಗೆ ಬಳೀದೆ ಇದ್ದಿದ್ರೆ ನಂಗೆ ಗೊತ್ತಾಗೋದು."

ನಕ್ಷೆಯಲ್ಲಿ ಆ ಜಾಗ ಖಾಲಿ ಬಿತ್ತು. ಮೂರು ವರ್ಷಕ್ಕೆ ಅದೇ ನಕ್ಷೆ ಹಿಡಿದು ರಸ್ತೆ ಬಂತು. ಹೆಂಗಸರು ಅಡ್ಡ ನಿಂತರೂ, ನಕ್ಷೆಯಲ್ಲಿಲ್ಲದ್ದು ಅಕ್ರಮ ಎಂದು ರಸ್ತೆಯವರು ಗೋರಿ ಕೆಡವಿದರು. ಮಬ್ರೂಕಾ ಅವರ ಅಮ್ಮ ಸುಣ್ಣದ ಬಕೆಟ್ ಹಿಡಿದುಕೊಂಡೇ ಮನೆಗೆ ವಾಪಸಾದರು.

"ಯಾವ ಕುರುಡ ಬರೆದನೋ ಅಂತ ಸಾಯೋವರೆಗೂ ಬೈತಿದ್ಳು. ನಾನು ಪಕ್ಕದಲ್ಲೇ ಕೂತು ಕುಸ್ಕುಸ್ ರವೆ ಜರಡಿ ಹಿಡೀತಿದ್ದೆ. ಬಾಯಿ ಬಿಡಲಿಲ್ಲ."

ಜಾಗ ಊರಿಗೆಲ್ಲ ಗೊತ್ತು, ಅಲ್ಲಿ ಗುಮ್ಮಟ ಇತ್ತೆಂಬುದಕ್ಕೆ ಸಾಕ್ಷಿ ಇರಲಿಲ್ಲ. ಆ ಸಾಕ್ಷಿ ಮಬ್ರೂಕಾ ಕಣ್ಣಿಗೆ ಬಿದ್ದದ್ದು ನಿವೃತ್ತಿಯ ಹಿಂದಿನ ವಾರ. ಬೂದು ಬಣ್ಣದ ಪಕ್ಕದಲ್ಲೊಂದು ದುಂಡನೆಯ ಕಪ್ಪು ಗುರುತಿದೆ. ಇನ್ನೊಂದು ಮರ ಇರಬೇಕು ಎಂದೆ ನಾನು.

"ಮರ ಸಾಲಲ್ಲಿರತ್ತೆ. ಇದು ಸಾಲು ಬಿಟ್ಟಿದೆ ನೋಡಿ. ಗುಮ್ಮಟ ಅಳಿಸಿದೆ, ಅದರ ನೆರಳು ಅಳಿಸೋದು ಮರೆತೆ."

ಈ ತಿಂಗಳು ಊರಿನ ಹೊಸ ನಕ್ಷೆ ತಯಾರಾಗುತ್ತಿದೆ. ಶಾದ್ಲಿಯ ಅಂಗಡಿ ಮುಂದೆ, ರಸ್ತೆ ನಡುವೆ ಒಂದು ಚುಕ್ಕೆ, ಪಕ್ಕದಲ್ಲಿ ಲಲ್ಲಾಳ ಹೆಸರು ಬರಬೇಕೆಂಬುದು ಮಬ್ರೂಕಾ ಆಸೆ. ನಕ್ಷೆ ವಿಭಾಗದ ನಾದಿರ್ ಮೇಜಿಗೆ ಮೂರು ಸಲ ಅಲೆದಿದ್ದಾರೆ.

"ಇಲ್ಲದ ಗುಮ್ಮಟ ಹೇಗೆ ಹಾಕ್ಲಿ ಖಾಲ್ತಿ?"

"ಇಲ್ಲದ್ದನ್ನ ಹಾಕು ಅಂತಿಲ್ಲಪ್ಪಾ, ನಾನು ಅಳಿಸಿದ್ದನ್ನ ಹಾಕು."

ಹಾಗಾದರೆ ಅಳಿಸಿದ್ದು ಯಾರೆಂದು ಬರೆದುಕೊಡಿ ಎಂದಿದ್ದಾನೆ ನಾದಿರ್. ಮಬ್ರೂಕಾ ಅರ್ಜಿ ಬರೆದು, ಸಹಿ ಹಾಕಿ, ಚಿತ್ರದ ಜೊತೆಗೇ ಇಟ್ಟುಕೊಂಡಿದ್ದಾರೆ. ಹೊರಟಾಗ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದರು.

"ಹೊಗಳಿ ಬರೀಬೇಡಿ. ನನ್ನ ಹೆಸರು ಮಾತ್ರ ದಪ್ಪಕ್ಷರದಲ್ಲಿ ಹಾಕಿ. ನಮ್ಮಮ್ಮ ಅಷ್ಟು ವರ್ಷ ಬೈದಿದ್ದು ಯಾರನ್ನ ಅಂತ ಊರಿಗೆ ಗೊತ್ತಾಗ್ಲಿ."