ಮಾವನ ಗಾಡಿಗೆ ಆಯುಧಪೂಜೆ

ಮೊರದಲ್ಲಿ ಕಾಳುಮೆಣಸು ಆರಿಸುತ್ತಿದ್ದೆ. ಫೋನ್ ಕೆಳಗಿಟ್ಟು ಬಂದ ಯಜಮಾನರು, "ಕಂಕನಾಡಿಯಿಂದ ಮಾವ. ಆ ಗಾಡಿಯನ್ನು ನಮಗೇ ಕೊಟ್ಟರಂತೆ. ರಿಕ್ಷಾದಲ್ಲಿ ಕಳಿಸಿದ್ದಾರೆ" ಎಂದರು. ಗಾಡಿಯನ್ನು ರಿಕ್ಷಾದಲ್ಲಿ ಕಳಿಸುವುದೇ ಎಂದು ನೀವು ಹುಬ್ಬೇರಿಸಬೇಡಿ. ಅದು ನನ್ನ ಅಂಗೈಯಷ್ಟೇ ಉದ್ದ.

ಮಾವ ಎಂದರೆ ನನ್ನ ಅತ್ತೆಯ ಒಬ್ಬನೇ ತಮ್ಮ. ಹಡಗಿನಲ್ಲಿ ಇಂಜಿನಿಯರಾಗಿದ್ದವರು, ಹೋದ ಬಂದರಿನಲ್ಲೆಲ್ಲ ಇಂಥ ಪುಟ್ಟ ಗಾಡಿಗಳನ್ನು ಕೂಡಿಹಾಕುತ್ತಿದ್ದರು. ಇದು ಇಂಗ್ಲೆಂಡಿನ ಸಿರಿವಂತರು ಗುಡ್ಡ ಹತ್ತಿಸುವ ರೇಂಜ್ ರೋವರಿನ ಪಡಿಯಚ್ಚು. ಬಾಗಿಲು ತೆರೆಯುತ್ತಿತ್ತು, ಒಳಗಿನ ಸೀಟಿಗೆ ಹೊಲಿಗೆಯ ಗೆರೆ ಕೂಡ ಇತ್ತು. ಆಗ ನಮ್ಮಲ್ಲಿದ್ದ ವಾಹನವೆಂದರೆ ಯಜಮಾನರ ಸೈಕಲ್. ಅದರ ಸೀಟಿನ ಹೊಲಿಗೆ ನನ್ನದೇ.

ಎಪ್ಪತ್ತರ ದಶಕದ ಕೊನೆಯಲ್ಲೊಮ್ಮೆ ಹಡಗಿಗೆ ಹೊರಟಾಗ ಮಾವ ಅದನ್ನು ಯಜಮಾನರ ಕೈಗಿಟ್ಟು, "ದೀಪಾವಳಿಗೆ ಬರ್ತೇನೆ. ಏನಾದರೂ ಆದರೆ ಮತ್ತೆ ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ ಮಾರಾಯ" ಎಂದರು. ಅಂದದ್ದನ್ನು ಮಾಡುವವರೇ. ಇಂಥದೇ ಒಂದು ಮುರಿದ ಬಾಗಿಲಿಗಾಗಿ ಇನ್ನೊಬ್ಬ ಅಳಿಯನೊಡನೆ ಮಾತು ಬಿಟ್ಟು ಆರು ವರ್ಷವಾಗಿತ್ತು.

ಆಯುಧಪೂಜೆ ಬಂತು. ಮೆಟ್ಟುಕತ್ತಿ, ತುರಿಮಣೆ, ಹೊಲಿಗೆಯಂತ್ರ, ಸೈಕಲ್ ಎಲ್ಲ ತೊಳೆದು ಸಾಲಾಗಿಟ್ಟೆವು. ಅತ್ತೆ ಮಾವನ ಗಾಡಿಯಿದ್ದ ಶೋಕೇಸಿನ ಕಡೆ ಕೈ ತೋರಿಸಿದರು.

"ಅದು ಅಲಂಕಾರಕ್ಕೆ ಅಮ್ಮ" ಎಂದರು ಯಜಮಾನರು.

"ಚಕ್ರ ಉಂಟಲ್ಲ? ಮತ್ತೆಂತ? ತಮ್ಮ ನೀರಿನ ಮೇಲಿರುವವ. ಪೂಜೆ ಬಿಡುವುದು ಬೇಡ."

ಅತ್ತೆ ಮೊದಲೇ "ಫಾರಿನ್ ಗಾಡಿ ಉಂಟು" ಎಂದು ಹೇಳಿಕಳಿಸಿದ್ದರಿಂದ ಭಟ್ಟರು ಒಂದು ದೊಡ್ಡ ಬೂದುಗುಂಬಳ ಹೊತ್ತು ಬಂದರು. ಗಾಡಿಯನ್ನು ನೋಡಿದರು, ಕುಂಬಳವನ್ನು ನೋಡಿದರು. ನಗಲಿಲ್ಲ, ಪುಣ್ಯಾತ್ಮರು. "ಚಕ್ರದಡಿಗೆ ಲಿಂಬೆ ಇಟ್ಟರೆ ಗಾಡಿ ಅಡಿಮೇಲಾದೀತು. ನಾಲ್ಕು ಕಾಳುಮೆಣಸು ತನ್ನಿ ಅಕ್ಕ."

ನಾನು ಒಂದು ಮುಷ್ಟಿ ತಂದೆ. ದೇವರ ಕೆಲಸಕ್ಕೆ ಕೈ ಬಿಗಿಹಿಡಿಯಬಾರದು ನೋಡಿ. ಯಜಮಾನರು ಬೆರಳಿನಿಂದ ಮುಂದಕ್ಕೆ ನೂಕಿದ್ದೇ ತಡ, ಕಾಳುಗಳು ಉರುಳಿ, ಗುಡ್ಡ ಹತ್ತುವ ಗಾಡಿ ನಾಲ್ಕು ಬೆರಳೆತ್ತರದ ಮಣೆಯಿಂದ ಮಗುಚಿ ಬಿತ್ತು. ಗೀರು ಬೀಳಲಿಲ್ಲ, ಗಣಪತಿಯ ದಯೆ. ಆದರೆ ಎಡಗಡೆಯ ಕನ್ನಡಿ ಇಲ್ಲ. ಕಪ್ಪು ಬಣ್ಣದ್ದು, ಕಾಳಿನಷ್ಟೇ ದೊಡ್ಡದು. ಭಟ್ಟರು ಸಹ ಕಚ್ಚೆ ಸಿಕ್ಕಿಸಿ ಮಂಚದಡಿ ತೆವಳಿದರು. ಸಿಗಲಿಲ್ಲ. ನಾನು ಗಣಪತಿಗೆ ಅಪ್ಪದ ಹರಕೆ ಹೇಳಿಕೊಂಡೆ. ಪೂಜೆಯ ಕಾಳು ಕಾಲಿಗೆ ಸಿಗಬಾರದೆಂದು ಎಲ್ಲ ಗುಡಿಸಿ, ತೊಳೆದು ಒಣಗಿಸಿ, ಡಬ್ಬಿಗೇ ಹಾಕಿದೆ.

ದೀಪಾವಳಿಗೆ ಗಾಡಿಯ ಎಡಮಗ್ಗುಲನ್ನು ಗೋಡೆಗೆ ತಿರುಗಿಸಿಟ್ಟೆವು. ಸುಳ್ಳು ಹೇಳದ ಅತ್ತೆ ಆ ಕಡೆಗೆ ನೋಡಲೇ ಇಲ್ಲ. ಮಾವ ಬಂದರು, ನೋಡಿದರು, ತಲೆದೂಗಿದರು, ಊಟಕ್ಕೆ ಕುಳಿತರು. ಸಾರನ್ನದ ಎರಡನೇ ತುತ್ತಿಗೆ ಕಟ್ ಎಂದಿತು. ಬಾಯಿಂದ ತೆಗೆದದ್ದನ್ನು ಲೋಟದ ನೀರಿನಲ್ಲಿ ತೊಳೆದು ಬೆಳಕಿಗೆ ಹಿಡಿದರು.

ಅತ್ತೆ ಮೆಲ್ಲಗೆ, "ತಮ್ಮಾ, ಅದು ಆಯುಧಪೂಜೆಯ ಪ್ರಸಾದ" ಎಂದರು.

ಮಾವ ಆ ಕನ್ನಡಿಯನ್ನು ಒರೆಸಿ ಜೇಬಿಗೆ ಹಾಕಿಕೊಂಡರು. "ಉಳಿದ ಗಾಡಿ ಎಲ್ಲುಂಟು ಅಕ್ಕ, ಪಲ್ಯದಲ್ಲಿಯಾ?" ಆಮೇಲೆ ನನ್ನತ್ತ ತಿರುಗಿ, "ಇನ್ನೊಂದು ಸೌಟು ಸಾರು ಹಾಕು. ಸ್ಟೆಪ್ನಿ ಸಿಕ್ಕಿದರೂ ಸಿಕ್ಕೀತು." ಹಲ್ಲು ಮುರಿಯಲಿಲ್ಲ, ಸಂಬಂಧವೂ ಮುರಿಯಲಿಲ್ಲ. ಮರುದಿನವೇ ಗಣಪತಿಗೆ ಅಪ್ಪ ಸುಟ್ಟೆ.

ಇದೆಲ್ಲ ನೆನೆಯುವಷ್ಟರಲ್ಲಿ ರಿಕ್ಷಾ ಬಂತು. ಡಬ್ಬ ಬಿಚ್ಚಿದರೆ, ಎಡಗಡೆಯ ಕನ್ನಡಿಯನ್ನು ಮಾವ ಅಂಟಿಸಿದ್ದಾರೆ, ತುಸು ಓರೆಯಾಗಿ. ಈಗ ಅತ್ತೆ ಇಲ್ಲ. ಮಣೆಯ ಬದಲು ನೆಲದ ಮೇಲೇ ಇಟ್ಟು, ಚಕ್ರಕ್ಕೊಂದರಂತೆ ನಾಲ್ಕೇ ಕಾಳು ಇಟ್ಟೆ. ಯಜಮಾನರು ನೂಕಲು ಬೆರಳು ಚಾಚಿದರು.

"ನೀವು ಮುಟ್ಟಬೇಡಿ" ಎಂದೆ.

ಕೈಮುಗಿದು ನಾಲ್ಕನ್ನೂ ಹೆಕ್ಕಿದೆ. ಎರಡೂ ಕನ್ನಡಿ ಇದ್ದಲ್ಲೇ ಇವೆಯೆಂದು ನೋಡಿಕೊಂಡು, ಸಾರಿಗೆ ಮೆಣಸು ಜಜ್ಜಲು ಕುಳಿತೆ.